ಎಂಬಿಎ ಸೀಟಿಗೆ ಕನ್ಸಲ್ಟೆಂಟ್ ಬೇಕಾ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಡಿಗ್ರಿ ಮುಗಿಸುತ್ತಿರುವ ಮಕ್ಕಳ ಅಪ್ಪ-ಅಮ್ಮಂದಿರು ದಯವಿಟ್ಟು ಓದಿ. ಪಿಜಿಸಿಇಟಿ (ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಮೂಲಕ ಸೇರಿಸುವುದಾದರೆ ಕನ್ಸಲ್ಟೆಂಟ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸೀಟು ಹಂಚುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ), ಅದೂ ರ‍್ಯಾಂಕ್ ನೋಡಿ. ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ಹಾಕಿದರಾಯಿತು. ಇನ್ನು ಕೇಂದ್ರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಾದ ಐಐಎಂಗಳಿಗೆ ಕ್ಯಾಟ್ ಪ್ರವೇಶ ಪರೀಕ್ಷೆಯ ಅಂಕ, ಹಿಂದಿನ ಮಾರ್ಕ್ಸ್, ಸಂದರ್ಶನ. ಅಲ್ಲಿ ಯಾರ ವಶೀಲಿಯೂ ನಡೆಯುವುದಿಲ್ಲ.

ಹೊರದೇಶಕ್ಕೆ ಅರ್ಜಿ ಹಾಕುವವರ ವಿಷಯ ಬೇರೆ. ಜಿಮ್ಯಾಟ್ ಪ್ರವೇಶ ಪರೀಕ್ಷೆಯ ಅಂಕದ ಜೊತೆಗೆ ಪ್ರಬಂಧ, ಶಿಫಾರಸು ಪತ್ರ ಎಲ್ಲಾ ಕೇಳುತ್ತಾರೆ. ತಿದ್ದಿ ಹೇಳುವವರಿದ್ದರೆ ನಿಜವಾಗಿಯೂ ಉಪಯೋಗ. ಆದರೆ ನಾವೇ ಬರೆದುಕೊಡುತ್ತೇವೆ ಅನ್ನುವವರು ಬೇಡವೇ ಬೇಡ. ನಮ್ಮ ಅಕ್ಕನ ಮಗಳಿಗೆ ಹಾಗೆ ಬಂದ ಪ್ರಬಂಧದ ತುಂಬ ನಾಯಕತ್ವದ ದೊಡ್ಡ ಮಾತುಗಳೇ. ಅವಳು ಅದನ್ನು ಬದಿಗಿಟ್ಟು, ಅಪ್ಪನ ಜೊತೆ ಅಡಿಕೆ ಮಂಡಿಗೆ ಹೋಗಿ ರಾಶಿ, ಬೆಟ್ಟೆ ಎಂಬ ಅಡಿಕೆ ವಿಧಗಳಿಗೆ ಬೇರೆ ಬೇರೆಯಾಗಿ ತೂಕದ ಚೀಟಿ ತಾಳೆ ನೋಡುತ್ತಿದ್ದುದನ್ನು ಬರೆದಳು. ಅದನ್ನು ಬೇರೆ ಯಾರು ಬರೆಯಲು ಸಾಧ್ಯ, ಅಲ್ವಾ?

ದುಡ್ಡು ಕೊಡುವ ಮೊದಲು ಕಾಲೇಜಿನಿಂದ ಕಮಿಷನ್ ಬರುತ್ತದಾ ಎಂದು ನೇರವಾಗಿ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಪೂರ್ತಿ ಪ್ಯಾಕೇಜ್‌ಗೆ ಒಪ್ಪುವ ಬದಲು ಒಂದು ಪ್ರಬಂಧ ಮಾತ್ರ ತೋರಿಸಿ ನೋಡಿ.