ಆಲಮಟ್ಟಿ ನೋಡಲು ಬಾಡಿಗೆ ಗಾಡಿ ಬೇಕಿಲ್ಲ

ದಸರಾ ರಜೆ ಬಂತೆಂದರೆ ವಿಜಯಪುರದ ನಮ್ಮ ಓಣಿಯಲ್ಲಿ ಒಂದು ಮಾತು ಶುರುವಾಗುತ್ತದೆ: ಆಲಮಟ್ಟಿಯ ಅಣೆಕಟ್ಟೆ, ಉದ್ಯಾನ ನೋಡೋಕೆ ಹೋಗಲು ಯಾವ ಗಾಡಿ ಹೇಳೋಣ? ನಾವು ಗಾಡಿ ಹೇಳುವುದಿಲ್ಲ. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, ಮೊಣಕಾಲು ನೋವಿರುವ ಅತ್ತೆ, ಎಲ್ಲರೂ ರೈಲು, ಬಸ್ಸು, ಟಂಟಂ ಅನ್ನುವ ದೊಡ್ಡ ಆಟೋ ಹಿಡಿದೇ ಹೋಗಿ ಬರುತ್ತೇವೆ. ಹೇಗೆ ಅಂತ ಕೇಳುವವರು ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಬಾಡಿಗೆ ಗಾಡಿಯವರು ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಲೆಕ್ಕ ಹಿಡಿಯುತ್ತಾರೆ. ಡ್ರೈವರ್ ಬಾಟಾ, ಅಂದರೆ ದಿನಭತ್ಯೆ, ಬೇರೆ. ವಿಜಯಪುರದಿಂದ ಆಲಮಟ್ಟಿ ಸುಮಾರು 65 ಕಿಲೋಮೀಟರ್. ಹೋಗಿ ಬಂದರೂ 130ರ ಆಸುಪಾಸು. ಉಳಿದ ಕಿಲೋಮೀಟರಿಗೆ ನಾವು ಸುಮ್ನೆ ದುಡ್ಡು ಕಟ್ಟಬೇಕು. ಅಲ್ಲಿ ಹೋದ ಮೇಲೂ ಗಾಡಿಗೆ ಏನು ಕೆಲಸ? ನಾವು ಉದ್ಯಾನದೊಳಗೆ ನಡೆಯುತ್ತಿರುತ್ತೇವೆ, ಅದು ಹೊರಗೆ ನಿಂತಿರುತ್ತದೆ.

ಆದರೆ ಒಂದು ಮಾತು ಸರಿಯಾಗಿ ತಿಳಿದಿರಬೇಕು. ಆಲಮಟ್ಟಿಗೆ ಹೋಗುವುದು ಸುಲಭ. ಯೋಚನೆ ಮಾಡಬೇಕಾದ್ದು ವಾಪಸ್ ಬರುವುದರ ಬಗ್ಗೆ. ಮಕ್ಕಳಿಗೆ ಬೇಕಾದದ್ದು ಸಂಗೀತ ಕಾರಂಜಿ. ಅದು ಶುರುವಾಗುವುದೇ ಕತ್ತಲಾದ ಮೇಲೆ. ಅಷ್ಟು ಹೊತ್ತಿಗೆ ಊರೊಳಗಿನ ಬಸ್ಸುಗಳು ಕಡಿಮೆಯಾಗಿರುತ್ತವೆ. ಹಾಗಾಗಿ ನಾನು ಇಡೀ ದಿನದ ಲೆಕ್ಕವನ್ನು ರಾತ್ರಿಯಿಂದ ಹಿಂದಕ್ಕೆ ಹಾಕುತ್ತೇನೆ. ರಾತ್ರಿ ಮನೆಗೆ ಹೇಗೆ ಬರುವುದು ಅನ್ನೋದು ಮೊದಲು ಗಟ್ಟಿಯಾಗಬೇಕು. ಬೆಳಗಿನದು ಆಮೇಲೆ ತಾನಾಗಿ ಕೂಡಿಬರುತ್ತದೆ.

ಹೋಗುವಾಗ ಪ್ಯಾಸೆಂಜರ್ ರೈಲು. ವಿಜಯಪುರದಿಂದ ಬಾಗಲಕೋಟೆ, ಗದಗ ಕಡೆಗೆ ಹೋಗುವ ಲೈನಿನಲ್ಲೇ ಆಲಮಟ್ಟಿ ಸ್ಟೇಷನ್ ಇದೆ. ಟಿಕೆಟ್ ದರ ತುಂಬಾ ಕಡಿಮೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಐದರಿಂದ ಹನ್ನೆರಡರವರೆಗೆ ಅರ್ಧ. ಅತ್ತೆಗೆ ಕಾಲು ಚಾಚಿ ಕೂರಲು ಜಾಗ ಸಿಗುತ್ತದೆ, ಹುಡುಗರು ಕಿಟಕಿ ಬಿಟ್ಟು ಏಳುವುದಿಲ್ಲ. ಕೂಡಗಿ ಹತ್ತಿರ ಬಂದಾಗ ಎನ್‌ಟಿಪಿಸಿ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳು ಕಾಣುತ್ತವೆ. ಅವು ಕಂಡವು ಅಂದರೆ ಬುತ್ತಿ ಚೀಲ ಕಟ್ಟಿಕೊಳ್ಳಬೇಕು ಅಂತ ನಮ್ಮ ಮಕ್ಕಳಿಗೆ ರೂಢಿಯಾಗಿದೆ. ಬಾಗಲಕೋಟೆ ಕಡೆಯಿಂದ ಬರುವವರಿಗೆ ಇನ್ನೂ ಚೆಂದ. ಅವರು ಸೀತಿಮನಿ ದಾಟಿ ಕೃಷ್ಣೆಯ ಸೇತುವೆ ಮೇಲೇ ಬರುತ್ತಾರೆ. ರೈಲಿನ ವೇಳೆ ಆಗಾಗ ಬದಲಾಗುತ್ತದೆ. ಹಿಂದಿನ ದಿನವೇ ಮೊಬೈಲಿನಲ್ಲಿ ನೋಡಿಕೊಳ್ಳಿ.

ರೈಲು ಹೊಂದದಿದ್ದರೆ ಬಸ್ಸು. ಹುನಗುಂದ, ಇಳಕಲ್, ಹೊಸಪೇಟೆ ಕಡೆಗೆ ಹೋಗುವ ಬಸ್ಸುಗಳು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ನಿಡಗುಂದಿ ಮೇಲೆ ಹೋಗುತ್ತವೆ. ನಿಡಗುಂದಿಯಲ್ಲಿ ಇಳಿದು ಅಲ್ಲಿಂದ ಟಂಟಂ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ನನಗೂ ಅತ್ತೆಗೂ ಬಸ್ಸಿನ ಖರ್ಚೇ ಇಲ್ಲ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಅದನ್ನು ಇಳಿಯುವವರೆಗೆ ಇಟ್ಟುಕೊಳ್ಳಬೇಕು, ಚೆಕಿಂಗ್‌ನವರು ಕೇಳುತ್ತಾರೆ.

ಇನ್ನು ಟಂಟಂ ವಿಷಯ. ಇಡೀ ದಿನದ ಸುಖ ನಿಂತಿರುವುದು ಇದರ ಮೇಲೆ. ಸ್ಟೇಷನ್ ಹೊರಗೆ ಸೀಟಿನ ಲೆಕ್ಕದ ಟಂಟಂ ನಿಂತಿರುತ್ತವೆ. ನಾನು ಬೆಳಿಗ್ಗೆ ಹತ್ತುವಾಗಲೇ ರಾತ್ರಿಯ ಮಾತು ಮುಗಿಸುತ್ತೇನೆ.

"ಅಣ್ಣಾ, ಕಾರಂಜಿ ಮುಗಿದ ಮ್ಯಾಲೆ ನಿಡಗುಂದಿ ಬಸ್‌ಸ್ಟ್ಯಾಂಡ್‌ತನಕ ಬಿಡ್ತೀರೇನ್ರಿ?"

"ಬಿಡ್ತೀನ್ರಿ ಅಕ್ಕಾರ. ಆದ್ರ ಹೊಳ್ಳಿ ಖಾಲಿ ಬರಬೇಕಾಗ್ತೈತಿ. ಒಂದೀಟು ನೋಡಿ ಕೊಡ್ರಿ."

ಖಾಲಿ ಬರುವ ಮಾತು ನಿಜವೇ. ಅದಕ್ಕೆ ನಾನು ಸೀಟಿನ ಲೆಕ್ಕ ಬಿಟ್ಟು ಇಡೀ ಗಾಡಿಗೆ ಒಂದು ರೇಟು ಮಾತಾಡುತ್ತೇನೆ. ಅಲ್ಲೇ ಅವರಿಗೊಂದು ಮಿಸ್ಡ್ ಕಾಲ್ ಕೊಟ್ಟು ನಂಬರ್ ಉಳಿಸಿಕೊಳ್ಳುತ್ತೇನೆ. ಎಲ್ಲಿ ನಿಲ್ಲಬೇಕು ಅನ್ನೋದನ್ನೂ ಆಗಲೇ ಗೊತ್ತು ಮಾಡುತ್ತೇನೆ, ಯಾಕೆಂದರೆ ಕಾರಂಜಿ ಬಿಟ್ಟ ಮೇಲೆ ಗೇಟಿನ ಮುಂದೆ ಜನವೋ ಜನ. ಸಂಜೆ ಕಾರಂಜಿಗೆ ಒಳಗೆ ಹೋಗುವ ಮುಂಚೆ ಇನ್ನೊಮ್ಮೆ ಫೋನ್ ಮಾಡಿ ನೆನಪಿಸುತ್ತೇನೆ. ಮುಂಗಡ ಪೂರ್ತಿ ಕೊಡಬೇಡಿ. ರೇಟಿಗಾಗಿ ತೀರಾ ಚೌಕಾಸಿಯೂ ಬೇಡ. ರಾತ್ರಿ ನಮ್ಮ ಮಕ್ಕಳನ್ನು ಊರು ಮುಟ್ಟಿಸುವವರು ಅವರು.

ನಿಡಗುಂದಿ ಮುಟ್ಟಿದರೆ ಚಿಂತೆ ಇಲ್ಲ. ಹೆದ್ದಾರಿಯ ಊರು. ವಿಜಯಪುರದ ಕಡೆ ಬಸ್ಸು ರಾತ್ರಿಯೂ ಬರುತ್ತಿರುತ್ತವೆ. ಬಸ್ಸಿನಲ್ಲಿ ಬಂದಿದ್ದರೆ ಬೆಳಿಗ್ಗೆಯೇ ಅಲ್ಲಿನ ಕಂಟ್ರೋಲರ್ ಹತ್ತಿರ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕೇಳಿಕೊಂಡರೆ ಇನ್ನೂ ಒಳ್ಳೆಯದು. ಶನಿವಾರ ಹತ್ತಿರದ ಯಲಗೂರ ಹನುಮಪ್ಪನ ದರ್ಶನಕ್ಕೆ ಜನ ಬರುತ್ತಾರೆ, ಅವತ್ತು ಟಂಟಂ ಓಡಾಟವೂ ಜಾಸ್ತಿ. ನಾವು ಸಾಧ್ಯವಾದಷ್ಟು ಶನಿವಾರವೇ ಹೋಗುತ್ತೇವೆ.

ಉದ್ಯಾನಗಳು ಎಲ್ಲವೂ ಒಂದೇ ಆವರಣದಲ್ಲಿಲ್ಲ. ರಾಕ್ ಗಾರ್ಡನ್, ಲವಕುಶ, ಗೋಪಾಲಕೃಷ್ಣ, ಮೊಘಲ್ ಗಾರ್ಡನ್, ಹೀಗೆ ಹಲವು. ಎಲ್ಲ ನೋಡಲೇಬೇಕು ಅಂತ ಓಡಬೇಡಿ. ಗಾಡಿ ಇದ್ದವರು ಹಾಗೆ ಓಡುತ್ತಾರೆ, ಕೊನೆಗೆ ಯಾವುದನ್ನೂ ಕೂತು ನೋಡಿರುವುದಿಲ್ಲ. ನಾವು ಮೊದಲು ರಾಕ್ ಗಾರ್ಡನ್ನಿಗೆ ಹೋಗುತ್ತೇವೆ. ಅಲ್ಲಿ ಏರು ಇಳಿವು ಜಾಸ್ತಿ, ಬಿಸಿಲೇರುವ ಮುಂಚೆ ಮುಗಿಸಿಬಿಟ್ಟರೆ ಅತ್ತೆಗೆ ಆರಾಮ. ಪ್ರಾಣಿಗಳ ಮೂರ್ತಿಗಳ ನಡುವೆ ಹುಡುಗರು ಓಡಾಡುವಾಗ ಅವರು ಒಂದು ಗಿಡದ ಕೆಳಗೆ ಕೂತಿರುತ್ತಾರೆ. ಮಧ್ಯಾಹ್ನ ನೆರಳಲ್ಲಿ ಬುತ್ತಿ ಬಿಚ್ಚುತ್ತೇವೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಡಕಿಕಾಳು ಪಲ್ಯ. ಮೊಸರನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ, ಬಿಸಿಲಿಗೆ ಇಟ್ಟರೆ ಹುಳಿಯಾಗುತ್ತದೆ. ನೀರಿನ ಬಾಟಲಿ ಒಬ್ಬೊಬ್ಬರಿಗೆ ಒಂದೊಂದು. ನಡೆದೇ ತಿರುಗುವವರು ಒಬ್ಬರ ಕೈಗೆ ಎಲ್ಲ ಭಾರ ಕೊಡಬಾರದು.

ಅಣೆಕಟ್ಟೆಯ ಮೇಲೆ ಬೇಕಾದ ಹಾಗೆ ತಿರುಗಾಡಲು ಬಿಡುವುದಿಲ್ಲ, ಕಾವಲು ಇದೆ. ದೂರದಿಂದಲೇ ನೋಡಬೇಕು. ಆದರೆ ಮಳೆಗಾಲದಲ್ಲಿ ಗೇಟು ತೆಗೆದಾಗ ಆ ದೂರವೂ ಸಾಕು, ನೀರಿನ ಅಬ್ಬರ ಎದೆಗೆ ತಾಗುತ್ತದೆ. ಮಕ್ಕಳಿಗೆ ಗೇಟು ಎಣಿಸಲು ಹೇಳುತ್ತೇನೆ. ಒಟ್ಟು 26 ಇವೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು, ಜಲಾಶಯಕ್ಕೆ ಅವರದೇ ಹೆಸರು ಇರುವುದು, ತುಂಬಿದಾಗ 519.60 ಮೀಟರ್ ಮಟ್ಟ, 123 ಟಿಎಂಸಿ ನೀರು, ಇದನ್ನೆಲ್ಲ ಅಲ್ಲೇ ನಿಂತು ಹೇಳಿದರೆ ಅವರಿಗೆ ನೆನಪಿರುತ್ತದೆ. ಅತ್ತೆಗೆ ಈ ಲೆಕ್ಕ ಬೇಡ. ಅವರ ತವರಿನ ಹೊಲ ಬಾಗಲಕೋಟೆ ಕಡೆ ಹಿನ್ನೀರಿನಲ್ಲಿ ಹೋಗಿದೆ. "ನಮ್ಮ ಹೊಲದ ನೀರು ಇದು" ಅಂತ ಮೊಮ್ಮಕ್ಕಳಿಗೆ ತೋರಿಸುತ್ತಾರೆ. ಅವರು ಎಷ್ಟು ಹೊತ್ತು ನೋಡುತ್ತಾರೋ ಅಷ್ಟು ಹೊತ್ತು ನಾವೂ ನಿಲ್ಲುತ್ತೇವೆ. ಹಾರ್ನ್ ಹೊಡೆದು ಕರೆಯುವ ಡ್ರೈವರ್ ಇಲ್ಲದಿರುವುದು ನನಗೆ ದುಡ್ಡು ಉಳಿದದ್ದಕ್ಕಿಂತ ದೊಡ್ಡ ಲಾಭ.

ಕಾರಂಜಿ ಇವತ್ತು ಇದೆಯೋ ಇಲ್ಲವೋ ಅಂತ ಟಿಕೆಟ್ ಕೌಂಟರಿನಲ್ಲಿ ಮಧ್ಯಾಹ್ನವೇ ಕೇಳಿಕೊಳ್ಳಿ. ಇಲ್ಲದಿದ್ದರೆ ಸಂಜೆ ರೈಲಿಗೇ ಹೊರಟುಬಿಡಬಹುದು. ಇದ್ದರೆ ಬೇಗ ಹೋಗಿ, ಹೊರಗೆ ಹೋಗುವ ದಾರಿಯ ಹತ್ತಿರ ಕೂರಿ. ಮುಗಿದ ಕೂಡಲೇ ಎದ್ದರೆ ಜನರ ನೂಕಾಟಕ್ಕೆ ಸಿಗದೆ ಟಂಟಂ ಹತ್ತಿರ ಬರಬಹುದು.

ಎರಡು ದಿನ ರಜೆ ಇದ್ದವರು ರಾತ್ರಿ ಅಲ್ಲೇ ಉಳಿದು ಮರುದಿನ ಕೂಡಲಸಂಗಮಕ್ಕೆ ಹೋಗಬಹುದು. ನಿಡಗುಂದಿಯಿಂದ ಹುನಗುಂದ ಕಡೆಯ ಬಸ್ಸು ಹತ್ತಿ, ಸಂಗಮ ಕ್ರಾಸಿನಲ್ಲಿ ಇಳಿದು ಆಟೋ ಹಿಡಿಯಬೇಕು. ನೇರ ಬಸ್ಸು ಸಿಕ್ಕರೆ ಬಿಡಬೇಡಿ. ಬಸವಣ್ಣನವರ ಐಕ್ಯ ಮಂಟಪಕ್ಕೆ ಬಾವಿಗೆ ಇಳಿದ ಹಾಗೆ ಮೆಟ್ಟಿಲು ಇಳಿಯಬೇಕು. ಮೊಣಕಾಲು ನೋವಿರುವವರು ನಿಧಾನ ಮಾಡಲಿ. ಅಲ್ಲಿಂದ ಮತ್ತೆ ಕ್ರಾಸಿಗೆ ಬಂದು ನಿಂತರೆ ವಿಜಯಪುರದ ಬಸ್ಸು ಸಿಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕ್ರಾಸಿನಲ್ಲಿ ಕಾಯುವುದಕ್ಕಿಂತ ಸಂಗಮನಾಥನ ಸನ್ನಿಧಿಯಲ್ಲಿ ಕೂತು, ಹೊತ್ತು ತಂಪಾದ ಮೇಲೆ ಹೊರಡುವುದು ಒಳ್ಳೆಯದು.