ಕೊನೆಗೂ ಸಿಕ್ಕಿತು ಬಿಳಿ ಹೊಟ್ಟೆಯ ಬಾನಾಡಿ

"ಆಲ್ಪೈನ್ ಸ್ವಿಫ್ಟ್ ಹೊಟ್ಟೆಯ ಫೋಟೋನಾ? ಸುಮ್ನೆ ಪೆಟ್ರೋಲ್ ದಂಡ ಕಣೋ" ಅಂತ ಚಿಕ್ಕಮಗಳೂರಿನ ಗೆಳೆಯರು ನಕ್ಕಿದ್ದರು. ಆಲ್ಪೈನ್ ಸ್ವಿಫ್ಟ್ ಅಂದರೆ ಬಿಳಿ ಹೊಟ್ಟೆಯ ಒಂದು ಬಾನಾಡಿ ಹಕ್ಕಿ. ಎರಡು ವರ್ಷ ಅವರ ಮಾತೇ ನಿಜವಾಯಿತು.

ಮೊದಲ ಸಲ, ದೂರದ್ದನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸ್ ಬಾಡಿಗೆಗೆ ತಂದೆ. ಎರಡು ದಿನಕ್ಕೆ ಆರು ಸಾವಿರದ ಹತ್ತಿರ ಕೈಬಿಟ್ಟಿತು. ಹೊಡೆದದ್ದು ಒಂದೆರಡು ಸಾವಿರ ಫ್ರೇಮ್. ಹಕ್ಕಿ ಇದ್ದದ್ದು ನೂರರಲ್ಲೋ ಏನೋ, ಅದೂ ಕಪ್ಪು ಕುಡುಗೋಲಿನ ಹಾಗೆ. ಮುಂದಿನ ವರ್ಷ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ಬೀಳುವ ಬೆಳಕು, ಏರಿಸಿದೆ. ಆಕಾಶ ಬರೀ ಬಿಳಿಯಾಗಿ ಸುಟ್ಟುಹೋಯಿತು. ಒಂದು ಫೋಟೋ ಚೆನ್ನಾಗಿ ಬಂತು ಅಂತ ಎಲ್ಲರಿಗೂ ಕಳಿಸಿದರೆ, ಅದು ಬೇರೆ ಜಾತಿ, ಮನೆ ಬಾನಾಡಿ (ಹೌಸ್ ಸ್ವಿಫ್ಟ್)! ಸೊಂಟದ ಬಿಳಿ ಪಟ್ಟಿ ಎದ್ದು ಕಾಣುತ್ತಿತ್ತು. ಆಲ್ಪೈನ್‌ಗೆ ಬೆನ್ನು, ಸೊಂಟ ಎರಡೂ ಕಂದು. ಬಿಳಿ ಇರುವುದು ಗಂಟಲಿಗೆ ಮತ್ತು ಹೊಟ್ಟೆಗೆ, ನಡುವೆ ಎದೆಗೆ ಅಡ್ಡ ಕಂದು ಪಟ್ಟಿ. ರೆಕ್ಕೆ ಬಿಚ್ಚಿದರೆ ಎರಡಡಿ ಹತ್ತಿರ. ಅಂಥದ್ದನ್ನೇ ತಪ್ಪು ಗುರುತಿಸಿದೆನಲ್ಲ, ಮಾನ ಹೋಯಿತು.

ಅಸಲಿ ತಪ್ಪು ನಾನು ನಿಲ್ಲುವ ಜಾಗದಲ್ಲಿತ್ತು. 1930 ಮೀಟರಿನ ಮುಳ್ಳಯ್ಯನಗಿರಿ ಇರುವಾಗ ಕೆಳಗೆ ನಿಂತು ಕತ್ತು ಎತ್ತಿ ಯಾಕೆ ನೋಡಬೇಕು? ಈ ಸಲ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮಾರನೇ ಬೆಳಗ್ಗೆ, ಬಿಸಿಲು ಬೆನ್ನಿಗೆ ಬರುವಂತೆ ಬೆಟ್ಟದ ಏಣಿನ ಮೇಲೆ ನಿಂತೆ. ಕಣಿವೆಯ ಗಾಳಿ ಹುಳುಗಳನ್ನು ಮೇಲಕ್ಕೆ ತಳ್ಳುತ್ತಿತ್ತು. ಹಕ್ಕಿಗಳು ಕಣ್ಣಿನ ಮಟ್ಟಕ್ಕೇ ಬಂದವು, ಕೆಲವು ಕಾಲ ಕೆಳಗೆ. ಕಿವಿಯ ಪಕ್ಕ ರೆಕ್ಕೆ ಬರ್ರ್ ಅಂತ ಗಾಳಿ ಸೀಳಿತು. ಹಕ್ಕಿ ತಿರುಗುವಾಗ ಪಕ್ಕಕ್ಕೆ ವಾಲುತ್ತದೆ. ಹೊಟ್ಟೆ ಕಾಣುವುದು ಆ ಒಂದು ಕ್ಷಣ ಮಾತ್ರ. ನನ್ನದೇ ಹಳೇ 300 ಎಂಎಂ, ಸೆಕೆಂಡಿನ 1/3200 ಭಾಗ ಮಾತ್ರ ತೆರೆಯುವ ಶಟರ್, ಹಿಂದೆ ಹಸಿರು ಕಣಿವೆ. ಫೋಕಸ್ ಎಲ್ಲಿ ಇಟ್ಟಿದ್ದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಹುಚ್ಚು. ಇವು ಕೂರುವುದನ್ನು ನೋಡಬೇಕು ಅಂತ ಕತ್ತಲಾಗುವ ತನಕ ಚಳಿಯಲ್ಲಿ ಕಾದೆ. ಒಂದೂ ಕೂರಲಿಲ್ಲ. ನಾಲ್ಕೂ ಬೆರಳು ಮುಂದಕ್ಕಿರುವ ಕಾಲು, ತಂತಿ ಮೇಲೆ ಹೇಗೆ ಕೂರುತ್ತದೆ? ಬಂಡೆಯ ಬಿರುಕಿಗೆ ಅಂಟಿಕೊಳ್ಳಬೇಕು, ಅಷ್ಟೇ. ಸ್ವಿಟ್ಜರ್ಲೆಂಡಿನವರು ಹಕ್ಕಿಗೆ ಪುಟ್ಟ ಯಂತ್ರ ಕಟ್ಟಿ, 200 ದಿನ ನೆಲಕ್ಕಿಳಿಯದೆ ಹಾರುತ್ತದೆ ಅಂತ 2013ರಲ್ಲಿ ತೋರಿಸಿದ್ದರು. ನಾನು ಒಂದು ಸಂಜೆಗೇ ನೆಗಡಿ ಹಿಡಿಸಿಕೊಂಡು ಬಂದೆ.

ಒಟ್ಟು ಹನ್ನೊಂದು ಫ್ರೇಮ್ ಸ್ಪಷ್ಟವಾಗಿ ಬಂದಿವೆ. ಒಂದರಲ್ಲಿ ಅಗಲ ಬಾಯಿ ತೆರೆದಿದೆ, ಮುಂದೆ ಗೇಣು ದೂರದಲ್ಲಿ ರೆಕ್ಕೆ ಬಂದ ಗೆದ್ದಲು. ನಕ್ಕಿದ್ದ ಗೆಳೆಯ ಈಗ ವಾರಕ್ಕೊಮ್ಮೆ ಫೋನ್ ಮಾಡಿ ಜಾಗ ಕೇಳುತ್ತಾನೆ. ಮಳೆ ಬಿತ್ತಾ ಇಲ್ವಾ ಅಂತ ಮಾತ್ರ ಹೇಳುತ್ತೇನೆ.