ಟ್ರೆಂಡ್ ಮೇಲೆ ಗೀಟು ಹಾಕುವ ನಾಲ್ಕು ಪುಶ್ ಬಟನ್: ನನ್ನ ಅನುಭವ

ಸ್ಟೀಮ್ ಒತ್ತಡ (ಚದರ ಸೆಂಟಿಮೀಟರಿಗೆ) 45 ಕೆಜಿಯಿಂದ 39ಕ್ಕೆ ಕುಸಿದಾಗಲೆಲ್ಲ ಕಬ್ಬು ಅರೆಯುವ ಮಿಲ್ ಹೌಸಿನವರು ಬಾಯ್ಲರಿನವರನ್ನೂ, ಬಾಯ್ಲರಿನವರು ಮಿಲ್ ಹೌಸಿನವರನ್ನೂ ಬೈಯುವುದು ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಪ್ರತಿ ಹಂಗಾಮಿನ ರೂಢಿ. ಟ್ರೆಂಡ್‌ನಲ್ಲಿ, ಅಂದರೆ ಒತ್ತಡದ ಗ್ರಾಫಿನಲ್ಲಿ, ಕುಸಿತ ಕಾಣುತ್ತದೆ. ಆ ಹೊತ್ತಿಗೆ ಯಾರು ಏನು ಮಾಡಿದರು ಎಂಬುದು ಕಾಣುವುದಿಲ್ಲ. ಲಾಗ್‌ಬುಕ್ ತೆರೆದರೆ ಎಲ್ಲವೂ ಗಂಟೆಗೋ ಅರ್ಧ ಗಂಟೆಗೋ ಸರಿಯಾಗಿ ನಡೆದಿರುತ್ತದೆ. ಪಾಳಿ ಮುಗಿಯುವಾಗ ಕುಳಿತು ಬರೆದರೆ ಇನ್ನೇನಾಗುತ್ತದೆ?

ಟ್ರೆಂಡ್ ಮೇಲೆಯೇ ಟಿಪ್ಪಣಿ ಬರೆಯಲು ಆಗುತ್ತದೆಯೇ ಎಂದು ಸ್ಕಾಡಾ (ಕಾರ್ಖಾನೆಯ ಯಂತ್ರಗಳನ್ನು ಪರದೆಯಲ್ಲಿ ತೋರಿಸುವ ಸಾಫ್ಟ್‌ವೇರ್) ಹಾಕಿಕೊಟ್ಟವರನ್ನು ಕೇಳಿದೆ. ಟಿಪ್ಪಣಿಯ ಮಾಡ್ಯೂಲ್‌ಗೆ ಎರಡು ಲಕ್ಷ ಚಿಲ್ಲರೆ ಎಂದರು. ನಮ್ಮ ಚೀಫ್ ಇಂಜಿನಿಯರ್ ಆ ಕೊಟೇಶನ್ ಮೇಲೆ ಚಹಾ ಲೋಟ ಇಟ್ಟು ಬೇರೆ ಮಾತು ತೆಗೆದರು. ನನ್ನ ಪಿಸಿಯಲ್ಲಿ ಗ್ರಾಫ್ ತೋರಿಸುವ ಗ್ರಾಫಾನಾ ಸಾಫ್ಟ್‌ವೇರ್ ಮೊದಲೇ ಓಡುತ್ತಿತ್ತು, ಅದರಲ್ಲಿ ಆನೋಟೇಶನ್, ಅಂದರೆ ಗ್ರಾಫ್ ಮೇಲೆ ಗೀಟು ಹಾಕಿ ಟಿಪ್ಪಣಿ ಬರೆಯುವುದು, ಪುಕ್ಕಟೆ. ಕಂಟ್ರೋಲ್ ಕೀ ಹಿಡಿದು ಗ್ರಾಫ್ ಮೇಲೆ ಕ್ಲಿಕ್ ಮಾಡಿ ಬರೆಯಿರಿ ಎಂದು ಮೂರೂ ಪಾಳಿಯವರಿಗೆ ಕಲಿಸಿದೆ. ಹದಿನೈದು ದಿನದಲ್ಲಿ ಬಿದ್ದದ್ದು ಒಂಬತ್ತೋ ಹತ್ತೋ ಟಿಪ್ಪಣಿ, ಅದರಲ್ಲಿ ಆರು ನನ್ನವೇ. ಗ್ರೀಸ್ ಕೈಯಲ್ಲಿ ಮೌಸ್ ಹಿಡಿಯುವವರು ಯಾರು?

ಆಗ ಹೊಳೆದದ್ದು ಪುಶ್ ಬಟನ್. ಮಿಲ್ ಹೌಸಿನಲ್ಲಿ ನಾಲ್ಕು ಬಟನ್ ಹಾಕಿ ಪಿಎಲ್‌ಸಿಯ (ಯಂತ್ರ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಖಾಲಿ ಇನ್‌ಪುಟ್‌ಗಳಿಗೆ ಎಳೆದೆ: ಉಳಿದ ರಸ ತೆಗೆಯಲು ಕಬ್ಬಿನ ಸಿಪ್ಪೆಗೆ ಬಿಡುವ ಇಂಬಿಬಿಷನ್ ನೀರು ಹೆಚ್ಚಿಸಿದ್ದು, ನೀರು ಇಳಿಸಿದ್ದು, ಚೋಕ್ (ಮಿಲ್ ಕಟ್ಟಿಕೊಂಡದ್ದು), ಇತರೆ. ಒತ್ತಿದ ಕ್ಷಣಕ್ಕೆ ಗೀಟು ಬೀಳುತ್ತದೆ, ವಿವರವನ್ನು ಶಿಫ್ಟ್ ಇನ್‌ಚಾರ್ಜ್ ಆಮೇಲೆ ತುಂಬುತ್ತಾರೆ. ಕೇಬಲ್ ಹಳೆಯ ಕೆಲಸದ್ದು ಉಳಿದಿತ್ತು. ಬಾಕ್ಸು, ಗ್ಲ್ಯಾಂಡು, ಬಟನ್ ಎಲ್ಲ ಸೇರಿ ಏಳು ಸಾವಿರದ ಆಸುಪಾಸು.

ಬಟನ್ ಹಾಕಿದ ದಿನ ಟ್ರೆಂಡ್ ಮೇಲೆ ಒಂದು ಗೀಟೂ ಇಲ್ಲ. ಬಟನ್ ಒತ್ತಿದ್ದನ್ನು ಗ್ರಾಫಾನಾಗೆ ತಿಳಿಸುವ ನನ್ನ ಸ್ಕ್ರಿಪ್ಟ್ ಸೆಕೆಂಡುಗಳಲ್ಲಿ ಸಮಯ ಕಳಿಸುತ್ತಿತ್ತು, ಅದನ್ನು ಸ್ವೀಕರಿಸುವ ಎಪಿಐಗೆ ಬೇಕಾದದ್ದು ಮಿಲಿಸೆಕೆಂಡು. ನಮ್ಮ ಚೋಕ್‌ಗಳೆಲ್ಲ, ಕಂಪ್ಯೂಟರಿನ ಸಮಯದ ಎಣಿಕೆ ಶುರುವಾಗುವ 1970ರ ಜನವರಿಯಲ್ಲಿ ಹೋಗಿ ಕುಳಿತಿದ್ದವು! ತಿದ್ದಿದೆ. ಮತ್ತೆ ಇಲ್ಲ. ಈ ಸಲ ನಮ್ಮ ಗಡಿಯಾರದ ಸಮಯವನ್ನೇ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ಕಳಿಸಿದ್ದೆ, ಮಧ್ಯಾಹ್ನ 2ಕ್ಕೆ ಒತ್ತಿದ್ದು ಸಂಜೆ 7:30ಕ್ಕೆ ಬಿದ್ದಿತ್ತು. ಇದೆಲ್ಲ ಅರ್ಧ ದಿನದ ಕೆಲಸ. ವಾರ ತಿಂದದ್ದು ಏಳು ನಿಮಿಷದ ಒಂದು ವ್ಯತ್ಯಾಸ. ಇನ್‌ಚಾರ್ಜ್ ಬರೆಯುವ ಸಮಯಕ್ಕೂ ಗೀಟಿಗೂ ತಾಳೆಯೇ ಆಗದು. ಪಿಎಲ್‌ಸಿ ಗಡಿಯಾರ, ಸರ್ವರ್ ಗಡಿಯಾರ ಎರಡನ್ನೂ ಜಾಲಾಡಿದೆ. ಕೊನೆಗೆ ನೋಡಿದರೆ ಕಂಟ್ರೋಲ್ ರೂಮಿನ ಗೋಡೆ ಗಡಿಯಾರವನ್ನು ಯಾರೋ ಮುಂದಿಟ್ಟಿದ್ದರು, ಪಾಳಿ ಬೇಗ ಬಿಡಲಿ ಎಂದು.

ನಾನು ಮಾಡಿದ ದೊಡ್ಡ ತಪ್ಪು ಬೇರೆ. ಟ್ರೆಂಡ್ ಡೇಟಾಗೆ ಬ್ಯಾಕಪ್ ಇಟ್ಟಿದ್ದೆ. ಟಿಪ್ಪಣಿಗಳು ಗ್ರಾಫಾನಾದ ಸ್ವಂತ ಡೇಟಾಬೇಸ್‌ನಲ್ಲಿ ಇರುತ್ತವೆ ಎಂಬುದನ್ನು ಮರೆತಿದ್ದೆ. ಡಿಸ್ಕ್ ಹೋಯಿತು, ಒಂದು ತಿಂಗಳ ಟಿಪ್ಪಣಿಯೂ ಹೋಯಿತು.

ನಡುವೆ ಮೈಕ್ ಇಟ್ಟು ಧ್ವನಿ ಟಿಪ್ಪಣಿಯನ್ನೂ ನೋಡಿದೆ. ಮಿಲ್ ಸದ್ದಿನಲ್ಲಿ ಕೇಳಿಸಿದ್ದು ಮಿಲ್ ಮಾತ್ರ. ಹಾಗಾಗಿ ಬಟನ್ನೇ ಉಳಿಯಿತು. ಒಬ್ಬರು ಸಿಟ್ಟಿನಲ್ಲಿ ಬಟನ್ ಐದು ಸಲ ಒತ್ತಿದರೆ ಒಂದೇ ಗೀಟು, ನಿಜಕ್ಕೂ ಎರಡು ಸಲ ಆದರೆ ಎರಡು ಗೀಟು ಬೀಳುವಂತೆ ಮಾಡಿದ್ದೇನೆ. ಹೇಗೆಂಬುದು ನನ್ನ ಹತ್ತಿರವೇ ಇರಲಿ.

ಮೂರು ವಾರದಲ್ಲಿ ನೂರನಲವತ್ತರಷ್ಟು ಗೀಟುಗಳಾದವು. ಇಂಬಿಬಿಷನ್ ನೀರಿನ ವಾಲ್ವ್ ನಮ್ಮಲ್ಲಿ ಕೈಯಿಂದ ತಿರುಗಿಸುವಂಥದ್ದು, ಫ್ಲೋ ಮೀಟರ್ ಇಲ್ಲ. ನೀರು ಹೆಚ್ಚಿಸಿದ ಗೀಟಿನ ನಂತರ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೆ ಒತ್ತಡ ಇಳಿಯುತ್ತಿತ್ತು. ಹತ್ತರಲ್ಲಿ ಏಳು ಕುಸಿತಗಳಿಗೆ ಇದೇ ಕಥೆ. ನೀರು ಹೆಚ್ಚಾದರೆ ಬಾಯ್ಲರಿಗೆ ಹೋಗುವ ಬಗಾಸ್ (ರಸ ತೆಗೆದ ಕಬ್ಬಿನ ಸಿಪ್ಪೆ, ಅದೇ ಉರುವಲು) ಒದ್ದೆಯಾಗುತ್ತದೆ; ಒದ್ದೆ ಬಗಾಸ್ ಹೇಗೆ ಉರಿಯುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಈಗ ವಾಲ್ವನ್ನು ಒಂದೇ ಸಲಕ್ಕೆ ತಿರುಗಿಸದೆ ಮೂರು ಕಂತಿನಲ್ಲಿ ತಿರುಗಿಸುತ್ತಾರೆ, ಒತ್ತಡ 43ರ ಕೆಳಗೆ ಹೋಗುವುದು ಅಪರೂಪ. "ಬಟನ್ ಒತ್ತಿದರೆ ಬೆಂಕಿ ಹತ್ತುತ್ತದೆಯೇನು ತಮ್ಮಾ?" ಎಂದು ನಕ್ಕಿದ್ದ ಬಾಯ್ಲರಿನ ಹಿರಿಯರು ಮೊನ್ನೆ ಮೀಟಿಂಗಿಗೆ ನನ್ನ ಗ್ರಾಫಿನ ಪ್ರಿಂಟ್ ಹಿಡಿದು ಬಂದಿದ್ದರು.

ಮಿಲ್ ಹೌಸಿನವರು ಸುಮ್ಮನಿರುತ್ತಾರೆಯೇ? ಬಗಾಸ್ ಫೀಡರ್ ನಿಲ್ಲಿಸಿದ್ದೂ ದಾಖಲಾಗಲಿ, ಬಾಯ್ಲರಿಗೂ ಬಟನ್ ಹಾಕಿ ಎಂದು ಪಟ್ಟು ಹಿಡಿದಿದ್ದಾರೆ. ಖಾಲಿ ಇನ್‌ಪುಟ್ ಉಳಿದಿರುವುದು ಎರಡು. ಸೋಮವಾರ ಕೇಬಲ್ ಎಳೆಯುತ್ತೇನೆ.